ಅಕ್ಕನ ಅಡ್ಡಗೈ

ಗಾಲ್ಫ್ ಕೋಲಿನ ರಬ್ಬರ್ ಹಿಡಿಯನ್ನು ನೋಡಿಯೇ ಅದರ ಯಜಮಾನ ಎಂಥವನೆಂದು ನನ್ನ ಅಕ್ಕ ಹೇಳಿಬಿಡುತ್ತಾಳೆ. ಹೆಬ್ಬೆರಳಿನ ಜಾಗದಲ್ಲಿ ಗುಳಿ ಬಿದ್ದಿದ್ದರೆ ಮುಂಗೋಪಿ. ಕಿರುಬೆರಳಿನ ಕಡೆ ಸವೆದಿದ್ದರೆ ಹೊಡೆಯುವ ಗಳಿಗೆಯಲ್ಲಿ ಹಿಡಿತ ಸಡಿಲಿಸುವವನು. ಅಂಥವನನ್ನು ನಂಬಿ ಯಾವ ಕೆಲಸಕ್ಕೂ ಕೈ ಹಾಕಬಾರದು. ಎಲ್ಲೂ ಸವೆಯದೆ ಬರೀ ಧೂಳು ಕೂತಿದ್ದರೆ ಅವನು ಆಡುವುದಕ್ಕಲ್ಲ, ಆಡುತ್ತೇನೆಂದು ಹೇಳಿಕೊಳ್ಳುವುದಕ್ಕೆ ಕ್ಲಬ್ಬಿಗೆ ಸೇರಿದವನು. ಮುಖ ನೋಡದೆ ಇಷ್ಟೆಲ್ಲ ಹೇಳುವ ಅಕ್ಕನ ಸ್ವಂತ ಕೋಲನ್ನು ಯಾರಾದರೂ ಕೈಗೆತ್ತಿಕೊಂಡರೆ ಮಾತ್ರ ತಬ್ಬಿಬ್ಬಾಗುತ್ತಿದ್ದರು. ಸವೆಯಬೇಕಾದಲ್ಲಿ ಅದು ಹೊಸದರಂತಿತ್ತು, ಹೊಸದಿರಬೇಕಾದಲ್ಲಿ ಸವೆದಿತ್ತು.

ಬಲಗೈಯವರೆಲ್ಲ ಎಡಗೈ ಮೇಲಿಟ್ಟು, ಬಲಗೈ ಕೆಳಗಿಟ್ಟು ಕೋಲು ಹಿಡಿಯುತ್ತಾರೆ. ಅಕ್ಕನದು ಬಲಗೈ ಮೇಲೆ, ಎಡಗೈ ಕೆಳಗೆ. ಹಾಗೆ ಹಿಡಿದು ಎಲ್ಲರಂತೆಯೇ ಬಲಗಡೆಯಿಂದ ಬೀಸುವಾಗ ತೋಳುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಅದಕ್ಕೇ ಕ್ಲಬ್ಬಿನಲ್ಲಿ ಅವಳಿಗೆ ಅಡ್ಡಗೈ ಎಂದು ಹೆಸರು. ಆ ಹೆಸರಿಟ್ಟವನು ನಾನೇ, ಎಂಟು ವರ್ಷದವನಿದ್ದಾಗ. ತಮಾಷೆಗೆ ಇಟ್ಟಿದ್ದು. ಅದು ಅವಳ ಬೆನ್ನು ಬಿಡಲೇ ಇಲ್ಲ.

ನಾವಿಬ್ಬರೂ ಕ್ಲಬ್ಬಿನ ಕೆಲಸದವರು. ನಾನು ಮೈದಾನದ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತೇನೆ, ಅಕ್ಕ ಕೋಲುಗಳನ್ನು ರಿಪೇರಿ ಮಾಡುತ್ತಿದ್ದಳು. ಆ ಕೆಲಸ ಮೊದಲು ಅಪ್ಪನದು. ಯಂತ್ರಗಳ ಷೆಡ್ಡಿಗೆ ಆತುಕೊಂಡಂತೆ ಒಂದು ಕೋಣೆ, ಅದರ ನಡುವೆ ಎತ್ತರದ ಮರದ ಮೇಜು, ಮೇಜಿಗೆ ಬಿಗಿದ, ಕೋಲನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು. ಮೇಜಿನ ಒಂದು ತುದಿ ಗೋಡೆಗೆ ಅಂಟಿಕೊಂಡಿದೆ. ಆಚೆ ಬದಿಯವರು ಈಚೆ ಬದಿಗೆ ಬರಬೇಕಾದರೆ ಇನ್ನೊಂದು ತುದಿಯನ್ನು ಬಳಸಿಕೊಂಡೇ ಬರಬೇಕು. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಿತ್ತಿಲಿಗೆ ತೆರೆಯುವ ಬಾಗಿಲು. ಹಿತ್ತಿಲೆಂದರೆ ಎತ್ತರದ ಗೋಡೆಗಳ ನಡುವಿನ ಒಂದು ತುಂಡು ನೆಲ, ಕೊನೆಯಲ್ಲಿ ದಪ್ಪ ಕ್ಯಾನ್ವಾಸಿನ ಪರದೆ. ರಿಪೇರಿಯಾದ ಕೋಲಿನಿಂದ ಆ ಪರದೆಗೆ ಎರಡು ಚೆಂಡು ಹೊಡೆದು ನೋಡಿ ಒಪ್ಪಿಸುವುದು ಅಪ್ಪನ ಕಾಲದಿಂದ ಬಂದ ಪದ್ಧತಿ.

ಕೆಲಸ ನೋಡುವುದಕ್ಕೆ ಸುಲಭ. ಕೋಲನ್ನು ವೈಸಿಗೆ ಕೊಟ್ಟು, ಬಾಗಿದ ಚಾಕುವಿನಿಂದ ಹಳೆಯ ರಬ್ಬರನ್ನು ಉದ್ದಕ್ಕೆ ಸೀಳಿ ಸುಲಿಯಬೇಕು. ಹಳೆಯ ಅಂಟುಪಟ್ಟಿಯನ್ನು ಕೆರೆದು ತೆಗೆದು ಹೊಸದನ್ನು ಸುತ್ತಬೇಕು. ಹೊಸ ಹಿಡಿಯೊಳಗೆ ಥಿನ್ನರ್ ಸುರಿದು, ತುದಿಯ ತೂತನ್ನು ಬೆರಳಿನಿಂದ ಮುಚ್ಚಿ ಕುಲುಕಿ, ಅದನ್ನೇ ಪಟ್ಟಿಯ ಮೇಲೆ ಹರಿಸಿ, ಒಂದೇ ಉಸಿರಿಗೆ ಹಿಡಿಯನ್ನು ಕೋಲಿಗೆ ತೊಡಿಸಬೇಕು. ನೇರ ಮಾಡುವುದಕ್ಕೆ ಸಿಗುವುದು ಅರ್ಧ ನಿಮಿಷ. ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಈ ಕೆಲಸವನ್ನು ಅಕ್ಕ ಹದಿನೆಂಟು ವರ್ಷ ಮಾಡಿದಳು. ಥಿನ್ನರಿಗೆ ಅವಳ ಬೆರಳ ಸಂದುಗಳೆಲ್ಲ ಬಿರಿದು, ಉಪ್ಪು ಮುಟ್ಟಿದರೆ ಜೀವ ಹೋದಂತಾಗುತ್ತಿತ್ತು. ಕೈಗವಸು ಹಾಕಿಕೊಂಡರೆ ಹಿಡಿ ನೇರ ಕೂತಿದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಅದನ್ನೂ ಮೂಲೆಗೆಸೆದಿದ್ದಳು. ಕಳೆದ ವರ್ಷ ಚರ್ಮದ ಡಾಕ್ಟರು, "ಔಷಧಿ ಬರ್ಕೊಡೋದು ನಿಲ್ಲಿಸ್ತೀನಿ. ಈ ಕೆಲಸ ಬಿಟ್ಟು ಆಮೇಲೆ ಬನ್ನಿ," ಎಂದು ಮುಖಕ್ಕೆ ಹೇಳಿದ್ದರು.

ಅವಳ ಆಟದ ಬಗ್ಗೆ ಹೇಳಬೇಕು. ಸೋಮವಾರ ಸದಸ್ಯರಿಗೆ ಕ್ಲಬ್ಬು ರಜೆ, ಅಂದು ಕೆಲಸದವರು ಮೈದಾನದಲ್ಲಿ ಆಡಬಹುದು. ಅಪ್ಪನ ಕೈ ನಡುಗಲು ಶುರುವಾಗಿ ಅವನ ಜಾಗಕ್ಕೆ ಬಂದ ಮೇಲೆ, ಇಪ್ಪತ್ತಾರನೇ ವಯಸ್ಸಿಗೆ, ಅಕ್ಕ ಮೊದಲ ಸಲ ಹುಲ್ಲಿನ ಮೇಲೆ ಕಾಲಿಟ್ಟಳು. ಅಲ್ಲಿಯವರೆಗೆ ಅವಳು ಹೊಡೆದದ್ದೆಲ್ಲ ಹಿತ್ತಿಲ ಪರದೆಗೆ. ಮೊದಲ ಸೋಮವಾರ ಎಲ್ಲರೂ ಅವಳ ಕೈ ನೋಡಿ ನಕ್ಕರು. ಎರಡನೆಯ ಸೋಮವಾರ ಅವಳ ಚೆಂಡು ನೋಡಿ ಸುಮ್ಮನಾದರು. ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಕ್ಲಬ್ಬಿನ ಅಡುಗೆಯವನು, ಎರಡಾಳಿನಷ್ಟಿರುವ ಮನುಷ್ಯ, ಒಂದು ಸಲವಾದರೂ ಇವಳನ್ನು ಸೋಲಿಸುತ್ತೇನೆಂದು ಹದಿನೇಳು ವರ್ಷ ಬೆವರು ಸುರಿಸಿದ.

ಯಾರಾದರೂ, "ಇದೇನಮ್ಮ ಈ ಹಿಡಿತ?" ಎಂದು ಕೇಳಿದರೆ ಅಕ್ಕ ತಲೆಯೆತ್ತಿ, "ನಮ್ಮಪ್ಪ ಹೇಳ್ಕೊಟ್ಟಿದ್ದು," ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಅದೊಂದು ಕತೆಯೇ ಆಗಿತ್ತು. ಹನ್ನೊಂದು ವರ್ಷದ ಮಗಳ ಎಡಗೈಯಲ್ಲಿ ಬಲ ಹೆಚ್ಚಿರುವುದನ್ನು ಅಪ್ಪ ಕಂಡನಂತೆ, ಅವಳಿಗೆಂದೇ ಯೋಚಿಸಿ ಆ ಹಿಡಿತ ಕೊಟ್ಟನಂತೆ. ಅಮ್ಮ ಬದುಕಿದ್ದಾಗ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದಳು. ಅಪ್ಪ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ಅವನು ಮೊದಲಿನಿಂದ ಮಾತು ಕಡಿಮೆಯ ಮನುಷ್ಯ, ಹಾಗಾಗಿ ನಮಗೇನೂ ಅನ್ನಿಸಲಿಲ್ಲ.

ಈ ವರ್ಷ ಬೇಸಿಗೆಯ ಮೊದಲಿಗೆ ಮೇಷ್ಟ್ರು ಷೆಡ್ಡಿಗೆ ಬಂದರು. ಕ್ಲಬ್ಬಿನಲ್ಲಿ ಆಟ ಕಲಿಸುವವರು ಅವರು. ಮಂಡಿ ಸೋತು ಕೆಲಸ ಬಿಡುವವರಿದ್ದರು. ನಾನು ಯಂತ್ರದ ಅಲಗು ಸಾಣೆ ಹಿಡಿಯುತ್ತಿದ್ದೆ, ಅವರ ಮಾತು ನನಗೂ ಕೇಳುತ್ತಿತ್ತು.

"ಶನಿವಾರದ ಹೆಂಗಸರ ಕ್ಲಾಸಿಗೆ ನಿನ್ನ ಹೆಸರು ಹೇಳಿದೀನಮ್ಮ," ಎಂದರು. "ಕೋಲು ನೋಡಿ ತಪ್ಪು ಹೇಳೋ ಕಣ್ಣು ನಿನಗಿರೋ ಹಾಗೆ ನನಗೂ ಇಲ್ಲ. ಆ ಕೆಲಸ ಸಿಕ್ಕಿದ್ರೆ ಈ ಥಿನ್ನರ್ ವಾಸನೆ ತಪ್ಪುತ್ತೆ. ಕಮಿಟಿಯವರದು ಒಂದೇ ಷರತ್ತು."

"ಕೈ," ಎಂದಳು ಅಕ್ಕ.

"ಕೈಯೇ. ಮೂರು ತಿಂಗಳು ಬಿಟ್ಟು ಅವರ ಮುಂದೆ ಹತ್ತು ಚೆಂಡು ಹೊಡೀಬೇಕು, ಎಲ್ಲರ ಹಾಗೆ ಹಿಡಿದು. ನಿನ್ನ ಆಟದಲ್ಲಿ ಲೋಪ ಇದೆ ಅಂತ ನಾನು ಹೇಳಲ್ಲ. ಆದ್ರೆ ಕಲಿಯೋರು ಬಾಯಿ ಕೇಳಲ್ಲ, ಕೈ ನೋಡ್ತಾರೆ."

"ನನಗೆ ನಲವತ್ನಾಲ್ಕು ವರ್ಷ ಆಯ್ತು ಮೇಷ್ಟ್ರೇ. ನಾಳೆಯಿಂದ ಇನ್ನೊಂದು ಕೈಲಿ ಬರೀ ಅಂದ ಹಾಗಿದೆ ನೀವು ಹೇಳೋದು."

"ಅದು ನನಗೂ ಗೊತ್ತು," ಎಂದು ಮೇಷ್ಟ್ರು ಮಂಡಿ ನೀವಿಕೊಳ್ಳುತ್ತಾ ಹೋದರು.

ಅಂದು ಮಧ್ಯಾಹ್ನ ಅಕ್ಕ ಹಿತ್ತಿಲಿಗೆ ಹೋಗಿ ತನ್ನ ಹಿಡಿತದಲ್ಲಿ ಹತ್ತು ಚೆಂಡು ಹೊಡೆದಳು. ಹತ್ತೂ ಪರದೆಯ ನಡುವಿನ ತೇಪೆಗೆ ಬಡಿದವು. ಆಮೇಲೆ ಕೈ ಬದಲಾಯಿಸಿ ಹತ್ತು ಹೊಡೆದಳು. ಒಂದು ಗೋಡೆಗೆ ತಗುಲಿ ಅವಳ ಕಾಲಬುಡಕ್ಕೇ ವಾಪಸು ಬಂತು, ಎರಡು ನೆಲ ಬಿಟ್ಟು ಏಳಲೇ ಇಲ್ಲ. ನಾನು ಬಾಗಿಲಲ್ಲಿ ನಿಂತು, "ಬಿಡಕ್ಕ, ಇದು ನಿನ್ನ ಕೈಗೆ ಹತ್ತೋದಲ್ಲ," ಎಂದೆ. ಅವಳು ನನ್ನತ್ತ ತಿರುಗಲಿಲ್ಲ. ಬಿರುಕಿನಲ್ಲಿ ರಕ್ತ ಕಂಡಿದ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಇದು ಅಪ್ಪ ಕೊಟ್ಟಿದ್ದು ಕಣೋ. ಬಿಡೋ ಮುಂಚೆ ಅವನನ್ನ ಒಂದು ಮಾತು ಕೇಳ್ಬೇಕು," ಎಂದಳು.

ಅಪ್ಪ ಇರುವುದು ಅಕ್ಕನ ಮನೆಯಲ್ಲಿ. ಸಂಜೆ ನಾನೂ ಅವಳ ಜೊತೆಗೇ ಹೋದೆ. ಭಾವ ಇನ್ನೂ ಹೊಲಿಗೆ ಅಂಗಡಿಯಿಂದ ಬಂದಿರಲಿಲ್ಲ. ಅಪ್ಪನಿಗೆ ಚಹಾ ಕೊಡುವಾಗ ಲೋಟದ ಅರ್ಧಕ್ಕೇ ನಿಲ್ಲಿಸಬೇಕು, ಅದಕ್ಕಿಂತ ಮೇಲಿದ್ದರೆ ತುಳುಕುತ್ತದೆ. ಅರ್ಧ ಮುಗಿದ ಮೇಲೆ ಇನ್ನರ್ಧ. ಮೊದಲ ಅರ್ಧ ಮುಗಿಯುವವರೆಗೆ ಅಕ್ಕ ಕಾದಳು. ಆಮೇಲೆ ಎಲ್ಲವನ್ನೂ ಹೇಳಿ, "ನೀನು ಕೊಟ್ಟಿದ್ದನ್ನ ಬಿಡು ಅಂತಾರಪ್ಪ. ಏನ್ ಮಾಡ್ಲಿ, ನೀನೇ ಹೇಳು," ಎಂದಳು.

ಅಪ್ಪ ಲೋಟವನ್ನು ಕೆಳಗಿಟ್ಟ. ಅದು ನೆಲಕ್ಕೆ ತಾಗಿ ಸ್ವಲ್ಪ ಹೊತ್ತು ಸದ್ದು ಮಾಡಿತು.

"ಅದು ನಾನು ಕೊಟ್ಟಿದ್ದಲ್ಲಮ್ಮ," ಎಂದ.

ಅಕ್ಕ ಅರ್ಥವಾಗದೆ ನೋಡಿದಳು.

"ನಾನು ಮೇಜಿನ ಈ ಕಡೆ ನಿಂತು ಕೋಲು ಹಿಡಿದು ನೋಡ್ತಿದ್ದೆ. ನೀನು ಆ ಕಡೆ ನಿಂತು ನನ್ನನ್ನ ನೋಡ್ತಿದ್ದೆ. ಕಿಟಕಿ ಕಡೆ ಇದ್ದ ನನ್ನ ಕೈ ಕೆಳಗಿತ್ತು. ನೀನೂ ಕಿಟಕಿ ಕಡೆ ಕೈನೇ ಕೆಳಗಿಟ್ಟೆ. ಕನ್ನಡಿ ನೋಡ್ಕೊಂಡ ಹಾಗೆ. ನನ್ನದು ಬಲಗೈ, ನಿನ್ನದು ಎಡಗೈ ಆಯ್ತು. ಕೋಲಿನ ಮುಖ ಇರೋದು ಒಂದೇ ಕಡೆಗಲ್ವಾ, ಅದಕ್ಕೆ ಬೀಸೋದು ಮಾತ್ರ ಎಲ್ಲರ ಹಾಗೆ ಬಲಗಡೆಯಿಂದಲೇ ಬೀಸಿದೆ. ನನಗೆ ಅವತ್ತೇ ಕಾಣಿಸ್ತು."

"ಕಂಡು?"

"ಕಂಡೂ ಸುಮ್ಮನಿದ್ದೆ."

"ಯಾಕಪ್ಪ?"

ಅಪ್ಪನ ಕೈ ತೊಡೆಯ ಮೇಲೆ ನಡುಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಅದುಮಿಕೊಂಡ. "ಚೆಂಡು ನೆಟ್ಟಗೇ ಹೋಗ್ತಿತ್ತು. ಹಿತ್ತಿಲಲ್ಲಿ ಪರದೆಗೆ ತಾನೇ ಹೊಡೀತಾಳೆ, ಇವಳೇನು ಹುಲ್ಲಿನ ಮೇಲೆ ಆಡ್ತಾಳಾ, ಇಷ್ಟಾದ್ರೆ ಸಾಕು ಅಂದ್ಕೊಂಡೆ."

ಅಕ್ಕ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನನ್ನ ಮುಖವನ್ನೂ ಅಲ್ಲ, ಕೈಯನ್ನು. ಅವಳು ಏನನ್ನು ನೆನೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನನಗೆ ಹತ್ತು ತುಂಬಿದ ವರ್ಷ ಅಪ್ಪ ನನ್ನನ್ನು ಸೋಮವಾರ ಹುಲ್ಲಿಗೆ ಕರೆದುಕೊಂಡು ಹೋಗಿದ್ದ. ನನ್ನ ಬೆನ್ನ ಹಿಂದೆ ನಿಂತು, ಎರಡೂ ತೋಳುಗಳಿಂದ ಬಳಸಿ, ಬೆರಳುಗಳನ್ನು ಒಂದೊಂದಾಗಿ ಕೋಲಿನ ಮೇಲೆ ಕೂರಿಸಿದ್ದ. ಅಕ್ಕ ಬೇಲಿಯಾಚೆ ನಿಂತು ನೋಡಿದ್ದಳು. ಆ ಹಿಡಿತವನ್ನು ನಾನು ಏನು ಮಾಡಿದೆ? ಇಪ್ಪತ್ತನೇ ವಯಸ್ಸಿಗೆ ಆಟ ಬೇಸರವೆಂದು ಕೋಲನ್ನು ಅಟ್ಟಕ್ಕೆಸೆದೆ.

"ಇವನಿಗೆ?" ಎಂದು ಅಕ್ಕ ಕೇಳಿದಳು.

"ಇವನನ್ನ ಹುಲ್ಲಿಗೆ ಕರ್ಕೊಂಡ್ ಹೋಗ್ಬೇಕಿತ್ತಲ್ಲ," ಎಂದ ಅಪ್ಪ.

ಅಕ್ಕ ಎದ್ದು ಅವನ ಲೋಟಕ್ಕೆ ಉಳಿದರ್ಧ ಚಹಾ ಹಾಕಿದಳು. ಮಾತ್ರೆ ತಂದಿಟ್ಟಳು. ಬೆನ್ನಿಗೆ ದಿಂಬು ಸರಿಮಾಡಿದಳು. ಅದಾದ ಮೇಲೆ ಎಂಟು ದಿನ ಅವನೊಡನೆ ಒಂದು ಮಾತನ್ನೂ ಆಡಲಿಲ್ಲ. ಸಿಟ್ಟಿನಲ್ಲಿ ಪಾತ್ರೆ ಕುಕ್ಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅವಳು ಪಾತ್ರೆಗಳನ್ನು ಇನ್ನಷ್ಟು ಮೆಲ್ಲಗೆ ಇಡತೊಡಗಿದಳು. ಭಾವ ಅಂಗಡಿಗೆ ಹೋದ ನನ್ನನ್ನು ಹಿಡಿದು ನಿಲ್ಲಿಸಿ, "ಏನೋ ಇದು, ನಮ್ಮನೇಲಿ ಯಾರಿಗೋ ಹುಷಾರಿಲ್ಲದ ಹಾಗಿದೆಯಲ್ಲ," ಎಂದ. ನನಗೆ ನಾಚಿಕೆಯಾಗುತ್ತಿತ್ತು. ಅಪ್ಪನಿಗೆ ಕಂಡದ್ದು ನನಗೂ ಕಂಡಿತ್ತು. ಅವನು ಸುಮ್ಮನಿದ್ದ, ನಾನು ಅದಕ್ಕೊಂದು ಹೆಸರಿಟ್ಟು ನಕ್ಕೆ.

ಒಂಬತ್ತನೆಯ ದಿನ ಸೋಮವಾರ. ಬೆಳಿಗ್ಗೆ ಅಕ್ಕ ಯಂತ್ರಕ್ಕೆ ಅಡ್ಡ ಬಂದು ನಿಂತಳು. ನಾನು ಎಂಜಿನ್ ಆರಿಸಿದೆ.

"ಅಪ್ಪ ನಿನಗೆ ಹೇಗೆ ಹೇಳ್ಕೊಟ್ನೋ ಹಾಗೇ ನನಗೆ ಹೇಳ್ಕೊಡು. ಎದುರು ನಿಲ್ಲಬೇಡ, ಹಿಂದೆ ನಿಂತ್ಕೋ."

"ಅಕ್ಕ, ನಾನು ಕೋಲು ಮುಟ್ಟಿ ಇಪ್ಪತ್ತು ವರ್ಷ ಆಯ್ತು."

"ಗೊತ್ತು. ಇಳಿ."

ಇಳಿದೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ಅಪ್ಪನ ಮೇಲಿನ ಸಿಟ್ಟಿಗೆ ಹಳೇ ಹಿಡಿತ ಬಿಡ್ತಾ ಇದ್ದೀಯಾ?" ಎಂದು ಕೇಳಿಬಿಟ್ಟೆ.

ಅವಳು ಯೋಚಿಸಿಯೇ ಉತ್ತರ ಕೊಟ್ಟಳು. "ಸಿಟ್ಟಿದೆ. ಸಿಟ್ಟಿಗೇ ಆಗಿದ್ರೆ ಕೋಲನ್ನೇ ಬಿಡ್ತಿದ್ದೆ. ನನ್ನ ಆಟಕ್ಕೆ ನನ್ನ ಕೈ ಸಾಕಾಗ್ತಿತ್ತು ಕಣೋ, ನಿಜವಾಗ್ಲೂ ಸಾಕಾಗ್ತಿತ್ತು. ಆದ್ರೆ ಹಿತ್ತಿಲಿಗೆ ಸಾಕು ಅಂತ ಬಿಟ್ಟಿದ್ದನ್ನ ನಾನು ಇನ್ನೊಬ್ಬ ಹೆಣ್ಣುಮಗಳ ಕೈಗೆ ಹೇಗೆ ಕೊಡ್ಲಿ?"

ನಲವತ್ತು ವರ್ಷದ ಗಂಡಸು ಅಕ್ಕನ ಬೆನ್ನ ಹಿಂದೆ ನಿಂತು ಅವಳ ಬೆರಳು ಹಿಡಿಯುವುದೆಂದರೆ ಮೊದಲು ಸಂಕೋಚವಾಯಿತು. ಆದರೆ ಕೋಲು ಕೈಗೆ ಬಂದೊಡನೆ ಅಪ್ಪ ಬೆರಳುಗಳನ್ನು ಕೂರಿಸಿದ ಕ್ರಮ ಒಂದೂ ಬಿಡದೆ ನೆನಪಾಯಿತು. ಮೊದಲು ಎಡಗೈಯ ಕೊನೆಯ ಮೂರು ಬೆರಳು. ಆಮೇಲೆ ಹೆಬ್ಬೆರಳು, ನಟ್ಟನಡುವೆ ಅಲ್ಲ, ಕೂದಲೆಳೆಯಷ್ಟು ಬಲಕ್ಕೆ. ಅದರ ಮೇಲೆ ಬಲಗೈಯ ಅಂಗೈ. ಅವಳ ಬೆರಳುಗಳು ಸುಟ್ಟ ತೊಗಟೆಯಂತೆ ಒರಟಾಗಿದ್ದವು. ಒಂದೊಂದನ್ನು ಸರಿಸುವಾಗಲೂ ಅವಳಿಗೆ ನೋಯುತ್ತಿರುವುದು ನನಗೆ ತಿಳಿಯುತ್ತಿತ್ತು. ಅವಳು ಸದ್ದು ಮಾಡಲಿಲ್ಲ. ನನಗೆ ಅಳು ಬಂತು. ಹಿಂದೆ ನಿಂತಿದ್ದರಿಂದ ಬಚಾವಾದೆ.

ಆ ಮೂರು ತಿಂಗಳು ಸುಲಭದ್ದಾಗಿರಲಿಲ್ಲ. ಸೋಮವಾರಗಳಲ್ಲಿ ಅಕ್ಕ ಎಲ್ಲರಿಗೂ ಸೋತಳು. ಹದಿನೇಳು ವರ್ಷ ಕಾದಿದ್ದ ಅಡುಗೆಯವನು ಒಂದು ದಿನ ಅವಳನ್ನು ಸೋಲಿಸಿ, ಕುಣಿಯುವ ಬದಲು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹೀಗಲ್ಲಮ್ಮ ನಾನು ಗೆಲ್ಬೇಕು ಅಂದ್ಕೊಂಡಿದ್ದು," ಎಂದು ಮುಖ ಸಣ್ಣ ಮಾಡಿದ. ಎರಡನೆಯ ತಿಂಗಳ ಕೊನೆಗೆ ಅಕ್ಕ ಸಾಕಾಗಿ ಹಳೆಯ ಹಿಡಿತಕ್ಕೆ ಮರಳಿ ಒಂದು ಚೆಂಡು ಹೊಡೆದಳು. ಅದು ಪೊದೆಗೆ ಹೋಯಿತು. ಇನ್ನೊಂದು ಹೊಡೆದಳು, ಅದೂ ಹೋಯಿತು. ಮೂವತ್ತಮೂರು ವರ್ಷದ ಕೈ ಎರಡು ತಿಂಗಳಲ್ಲಿ ಅವಳನ್ನು ಬಿಟ್ಟು ಹೋಗಿತ್ತು. ಹೊಸದು ಇನ್ನೂ ಬಂದಿರಲಿಲ್ಲ. ಅವಳು ಹುಲ್ಲಿನ ಮೇಲೆ ಕುಳಿತು ತನ್ನ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡಳು. ನಾನು ಯಂತ್ರವನ್ನು ದೂರದಲ್ಲೇ ತಿರುಗಿಸಿಕೊಂಡು ಹೋದೆ.

ಕಮಿಟಿಯ ಮುಂದೆ ಹತ್ತರಲ್ಲಿ ಆರು ನೆಟ್ಟಗೆ ಹೋದವು. ಅವಳ ಹಳೆಯ ಲೆಕ್ಕಕ್ಕೆ ಅದು ಅವಮಾನ. ಕಮಿಟಿಯವರು ತಮ್ಮ ತಮ್ಮಲ್ಲೇ ಪಿಸುಗುಟ್ಟಿಕೊಂಡು, ಆರು ತಿಂಗಳು ನೋಡೋಣ ಎಂದರು. ಅಕ್ಕ ತನ್ನ ಕೋಲನ್ನು ವೈಸಿಗೆ ಕೊಟ್ಟು, ಅಡ್ಡಾದಿಡ್ಡಿ ಸವೆದಿದ್ದ ಆ ಹಿಡಿಯನ್ನು ತಾನೇ ಸೀಳಿ, ಸುಲಿದು, ತೊಟ್ಟಿಗೆ ಹಾಕಿ ಹೊಸದನ್ನು ತೊಡಿಸಿದಳು. ಆ ಮೇಜಿನ ಮೇಲೆ ಅವಳು ಮಾಡಿದ ಕೊನೆಯ ಕೆಲಸ ಅದೇ.

ಮೊದಲ ಶನಿವಾರ ಅಪ್ಪ ತಾನೂ ಬರುತ್ತೇನೆಂದ. ಅಕ್ಕ ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಆ ಹೊತ್ತಿಗೆ ಅವನೊಡನೆ ಮಾತು ಶುರುವಾಗಿತ್ತು, ಆದರೆ ಮಾತ್ರೆ, ಊಟ, ಸ್ನಾನ ಇಷ್ಟರ ಮಟ್ಟಿಗೆ. ನಾನು ಅವನನ್ನು ಕರೆತಂದು ಮೈದಾನದ ಅಂಚಿನಲ್ಲಿ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಕಲಿಯಲು ಬಂದವರು ಆರು ಜನ ಹೆಂಗಸರು. ಎಲ್ಲರೂ ಹೊಸ ಕೋಲು ಹಿಡಿದು ಪೊರಕೆ ಹಿಡಿದವರ ಹಾಗೆ ನಿಂತಿದ್ದರು. ಅಕ್ಕ ಅವರನ್ನು ಒಂದೇ ಸಾಲಿನಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ತಾನೂ ಆ ಸಾಲಿನ ತುದಿಯಲ್ಲಿ ಅದೇ ದಿಕ್ಕಿಗೆ ತಿರುಗಿ ನಿಂತಳು.

ನೋಡಲು ಬಂದಿದ್ದ ಮೇಷ್ಟ್ರು ಬೆಂಚಿನಿಂದಲೇ, "ಎದುರಿಗೆ ನಿಂತ್ಕೊಳಮ್ಮ, ಆಗ ಎಲ್ಲರಿಗೂ ಕಾಣುತ್ತೆ," ಎಂದರು.

"ಎದುರು ನಿಂತ್ರೆ ಕೈ ಅದಲುಬದಲಾಗುತ್ತೆ ಮೇಷ್ಟ್ರೇ," ಎಂದಳು ಅಕ್ಕ. "ನಾನೇ ಒಬ್ಬೊಬ್ಬರ ಹತ್ರ ಹೋಗ್ತೀನಿ."

ಅಪ್ಪನಿಗೆ ಕಿವಿ ಇನ್ನೂ ಚುರುಕಾಗಿದೆ. ಅವನು ತಲೆ ತಗ್ಗಿಸಿದ. ಅಕ್ಕ ಮೊದಲನೆಯವಳ ಹಿಂದೆ ಹೋಗಿ ನಿಂತು ಬೆರಳು ಕೂರಿಸಿದಳು, ಆಮೇಲೆ ಎರಡನೆಯವಳ ಹಿಂದೆ. ಆರು ಜನರ ಬಳಿಗೂ ನಡೆದುಹೋದಳು. ಕೊನೆಯವಳು ಏನೋ ತಪ್ಪು ಮಾಡಿದ್ದಕ್ಕೆ ಮತ್ತೊಮ್ಮೆ ಅಷ್ಟು ದೂರ ಹೋದಳು.

ಕ್ಲಾಸು ಮುಗಿದು ಹೆಂಗಸರು ಹೋದ ಮೇಲೆ ಅವಳು ಮರದ ಕೆಳಗೆ ಬಂದಳು. ಬೆರಳ ಸಂದುಗಳಲ್ಲಿ ಹೊಸ ಚರ್ಮ ತೆಳ್ಳಗೆ ಕಾಣತೊಡಗಿತ್ತು. ಅಪ್ಪನ ಮುಂದೆ ಒಂದು ಗಳಿಗೆ ನಿಂತಳು. ಮತ್ತೇನೋ ಯೋಚಿಸಿ, ಕುರ್ಚಿಯನ್ನು ಸುತ್ತಿಕೊಂಡು ಅವನ ಪಕ್ಕಕ್ಕೆ ಬಂದು ಮಂಡಿಯೂರಿ ಕುಳಿತು, ಕೋಲನ್ನು ಅವನ ಕೈಗೆ ಕೊಟ್ಟಳು.

"ಹಿಡ್ಕೊಂಡು ತೋರಿಸಪ್ಪ."

"ಕೈ ನಡುಗುತ್ತಮ್ಮ."

"ನಡುಗಲಿ."

ಅಪ್ಪ ಹಿಡಿದ. ಕೋಲಿನ ತುದಿ ಹುಲ್ಲಿನ ಮೇಲೆ ಸುಮ್ಮನಿರಲಿಲ್ಲ, ಆದರೆ ಬೆರಳುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಎಡಗೈ ಮೇಲೆ, ಬಲಗೈ ಕೆಳಗೆ. ಅಕ್ಕ ಅವನ ಭುಜದ ಬಳಿಗೆ ತಲೆ ಬಾಗಿಸಿ, ಅವನು ನೋಡುವ ಕಡೆಯಿಂದ ಅದನ್ನು ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ," ಎಂದ ಅಪ್ಪ. "ಮೇಜು ಬಳಸ್ಕೊಂಡು ನಿನ್ನ ಕಡೆಗೆ ಬರ್ಬೇಕಿತ್ತು. ನಾಲ್ಕು ಹೆಜ್ಜೆ."

"ಎಣಿಸಿದೀಯಾ?"

"ಕೆಲಸ ಬಿಡೋವರೆಗೂ ದಿನಾ ಎಣಿಸ್ತಿದ್ದೆ."

ಕೋಲು ಜಾರುವುದರಲ್ಲಿತ್ತು, ಅಕ್ಕ ಅವನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಅದು ಬೀಳದಂತೆ ಹಿಡಿದುಕೊಂಡಳು. ನಾನು ಕುರ್ಚಿಯ ಇನ್ನೊಂದು ಪಕ್ಕದಲ್ಲಿ ನಿಂತಿದ್ದೆ. ಬಿಸಿಲು ಅಪ್ಪನ ಮುಖಕ್ಕೆ ಬರುವವರೆಗೆ ಮೂವರೂ ಅಲ್ಲೇ ಇದ್ದೆವು.